ಐದನೇ ಗೆರೆ

ಒಂದು ಓಟಿಗೆ ಒಂದು ಗೆರೆ.
ನಾಲ್ಕಾದರೆ ಚೌಕ. ಐದನೆಯದು
ಮೂಲೆಯಿಂದ ಮೂಲೆಗೆ ಅಡ್ಡ.
ಸಮಾರ್ ದ್ವೀಪದ ಮೂಡಣ ದಂಡೆಯ ನಮ್ಮ ಶಾಲೆಯಲ್ಲಿ
ಮನಿಲಾ ಪೇಪರಿನ ಮೇಲೆ ಹೀಗೇ ಎಣಿಸುತ್ತಿದ್ದೆವು,
ಪೆಟ್ರೋಮ್ಯಾಕ್ಸ್ ಬುಸುಗುಡುತ್ತಿತ್ತು,
ಪೆಟ್ಟಿಗೆ ಕಾಯಲು ಬಂದ ಪೊಲೀಸರಿಬ್ಬರು
ಒಂದನೇ ತರಗತಿಯ ಬೆಂಚಿನ ಮೇಲೆ ಕಾಲು ಮಡಚಿ ಗೊರಕೆ.

ಚೀಟಿ ಓದಿದವಳು ನಾನು, ಎಪಿಫಾನಿಯಾ ಕಬಾಹುಗ್,
ಮೂರನೇ ತರಗತಿಯ ಟೀಚರು.
ಬುವೆನಾಫ್ಲೋರ್, ಬುವೆನಾಫ್ಲೋರ್, ಮತ್ತೆ ಬುವೆನಾಫ್ಲೋರ್.
ಬೆಳಗಿನ ಜಾವಕ್ಕೆ ನಾಲಿಗೆ ಒಣಗಿ
ನಿಮ್ಮ ಹೆಸರು ಬರೀ ಸದ್ದಾಗಿತ್ತು, ಸೆನೆಟರ್.
ಯಾರೋ 'ಬೆನ್ಪೋರ್' ಎಂದು ಬರೆದಿದ್ದರು,
ಯಾರೋ ನಡುಗುವ ಕೈಯಲ್ಲಿ 'ಬುವೆ' ತನಕ ಬಂದು ನಿಂತಿದ್ದರು.
ಮತದಾರನ ಮನಸ್ಸು ತಿಳಿದರೆ ಸಾಕು, ಎನ್ನುತ್ತಿತ್ತು ಕಾನೂನು.
ಅಂಥ ತಪ್ಪು ಕಾಗುಣಿತಕ್ಕೂ ನಿಮಗೆ ಗೆರೆ ಎಳೆಸಿದೆ.
ಅದೇ ಕೈಯಿಂದ ಮಾರನೇ ದಿನ
ಮಕ್ಕಳ ಉಕ್ತಲೇಖನಕ್ಕೆ ಕೆಂಪು ಶಾಯಿ.

ಎರಡನೇ ಸಲ ನೀವು ಸೋತಿರಿ.
ಆ ವರ್ಷ ಮಾತ್ರ ನೀವೇ ದೋಣಿ ಹತ್ತಿ ಬಂದಿರಿ.
ಒಣಮೀನು, ಅನ್ನ, ಬೆರಳಲ್ಲೇ ಉಂಡಿರಿ.
ನನ್ನ ಹೆಸರು ನೆನಪಿತ್ತು ನಿಮಗೆ, ನನ್ನ ತಂಗಿಯದೂ.
ಸೋತವರ ಜ್ಞಾಪಕಶಕ್ತಿ ಎಷ್ಟು ಚೆನ್ನ!

ಮೂರನೇ ಸಲ ಗೆದ್ದಿರಿ, ನಾಲ್ಕನೇ ಸಲವೂ.
ಸತತ ಎರಡು ಅವಧಿ ಮುಗಿದಾಗ ಕಾನೂನು ನಿಮ್ಮನ್ನು ಕೂರಿಸಿತು.
ಆರು ವರ್ಷ ಕುರ್ಚಿ ಬೆಚ್ಚಗಿಟ್ಟವರು ನಿಮ್ಮ ಹೆಂಡತಿ.
ಈಗ ಮಗ ನಿಂತಿದ್ದಾನೆ. ಅದೇ ಹಲ್ಲು, ಅದೇ ಕೈಬೀಸು.

ನಿವೃತ್ತಿಯಾದ ಮೇಲೆ ನನಗೆ ಕೆಲಸವಿಲ್ಲ,
ಹಳೇ ಹಾಜರಿ ಪುಸ್ತಕದ ಖಾಲಿ ಹಾಳೆಗಳಿವೆ.
ಅದರಲ್ಲಿ ನಿಮ್ಮ ಹೆಸರು ಬರೆದೆ.
ಶಾಲೆ ದುರಸ್ತಿಯ ಮಸೂದೆ ಮತಕ್ಕೆ ಬಂದ ದಿನ: ಗೈರು.
ಮೀನುಗಾರರ ಸೀಮೆಎಣ್ಣೆಯ ಚರ್ಚೆ: ಗೈರು.
ಕಾಂಕ್ರೀಟ್ ದಕ್ಕೆಯ ದುಡ್ಡೆಲ್ಲಿ ಎಂದು ಹನ್ನೊಂದು ಪ್ರಶ್ನೆ ಬರೆದು ಕಳಿಸಿದೆ;
ಉತ್ತರವಾಗಿ ಹುಟ್ಟುಹಬ್ಬದ ಕಾರ್ಡು ಬಂತು.
ನನ್ನ ಹುಟ್ಟುಹಬ್ಬ ಅದಲ್ಲ.

ಆದರೂ ಟೀಚರು ನಾನು, ಸಿಟ್ಟಲ್ಲಿ ಅಂಕ ಕಡಿಯಬಾರದು.
ಮಾಡಿದ್ದಕ್ಕೆ ಒಂದೊಂದು ಗೆರೆ ಎಳೆದಿದ್ದೇನೆ.
ಕಾಲರಾ ಬಂದಾಗ ಡಾಕ್ಟರರ ದೋಣಿ ಕಳಿಸಿದಿರಿ: ಒಂದು.
ಹುಳ ಹಿಡಿದ ಅಕ್ಕಿ ಮಾರಿದ ಗುತ್ತಿಗೆದಾರನನ್ನು
ವಿಚಾರಣೆಯಲ್ಲಿ ಒಮ್ಮೆ ಬೆವರಿಳಿಸಿದಿರಿ: ಎರಡು.
(ಆಮೇಲೆ ಅವನು ನಿಮ್ಮ ಬೀಗನಾದ. ಅಳಿಸಲಿಲ್ಲ, ಇರಲಿ.)
ನಮ್ಮ ಹೆಡ್‌ಮಾಸ್ಟರು ತೀರಿಕೊಂಡಾಗ ಕ್ಯಾಮೆರಾ ಇಲ್ಲದೆ ಬಂದು
ಹಿಂದಿನ ಸಾಲಿನಲ್ಲಿ ಕೂತು ಅತ್ತಿರಿ: ಮೂರು.
ರಸ್ತೆಗೆ ಮೂರು ದೀಪ. ಒಂದು ಇನ್ನೂ ಉರಿಯುತ್ತದೆ: ನಾಲ್ಕು.

ಇಪ್ಪತ್ತೊಂಬತ್ತು ವರ್ಷಕ್ಕೆ ಒಂದು ಚೌಕ.
ಅಡ್ಡಗೆರೆ ಬಾಕಿ.

ಈಗ ಚೀಟಿಯನ್ನು ಯಂತ್ರ ನುಂಗುತ್ತದೆ,
ಯಾರ ಹೆಸರನ್ನೂ ಗಟ್ಟಿಯಾಗಿ ಓದುವುದಿಲ್ಲ.
ಗಂಟಲು ನೋಯುವುದಿಲ್ಲ ಯಾರಿಗೂ.

ಹೋದ ವರ್ಷದ ಬಿರುಗಾಳಿಗೆ ನನ್ನ ತಗಡು ಹಾರಿಹೋಯಿತು.
ಚರ್ಚಿನ ಹುಡುಗರು ಎಲ್ಲಿಂದಲೋ ಎಳೆದು ತಂದು ಹೊದಿಸಿದ್ದು
ನಿಮ್ಮ ಪ್ರಚಾರದ ಟಾರ್ಪಾಲು, ಹದಿನಾರು ಅಡಿ ಉದ್ದ,
ನಗುಮುಖ ಒಳಗಡೆಗೆ.
ರಾತ್ರಿ ಚಾಪೆಯ ಮೇಲೆ ಅಂಗಾತ ಮಲಗಿದರೆ
ನೀವು ಮೇಲಿಂದ ನನ್ನನ್ನೇ ನೋಡುತ್ತೀರಿ,
ಎದೆಯ ಮೇಲೆ ಕೈ, 'ನಿಮ್ಮೊಂದಿಗೆ ಸದಾ'.

ಇದನ್ನು ಲೆಕ್ಕಕ್ಕೆ ಹಿಡಿಯಲೋ ಬೇಡವೋ?
ಕೊಟ್ಟದ್ದು ನೀವಲ್ಲ. ಆದರೆ ಮಳೆ ತಡೆದದ್ದು ನೀವೇ.
ಮನಸ್ಸು ತಿಳಿದರೆ ಸಾಕು ಎನ್ನುವ ಕಾನೂನು
ನಿಮ್ಮ ಮನಸ್ಸಿಗೂ ಅನ್ವಯಿಸುತ್ತದೆಯೆ, ಸೆನೆಟರ್?
ಪೆನ್ಸಿಲ್ ತುದಿ ಚೌಕದ ಮೂಲೆಗೆ ಇಡುತ್ತೇನೆ,

ಅಷ್ಟರಲ್ಲಿ ಎಡಗಣ್ಣಿನ ಹತ್ತಿರ ತೊಟ್ಟಿಕ್ಕಲು ಶುರು.
ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು
ಬಕೆಟ್ಟು ತರಲು ಏಳುತ್ತೇನೆ.