ಮಳೆಪುಸ್ತಕದ ಎಡ ಅಂಚು

ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ಡಬ್ಬಿ ಎತ್ತಿ
ಗಾಜಿನ ಅಳತೆಗೆ ಬಗ್ಗಿಸುತ್ತೇನೆ:
ಮೂರು ಇಂಚು ಹನ್ನೆರಡು ಸೆಂಟು.
ಇಪ್ಪತ್ತಾರು ವರ್ಷದಿಂದ ಈ ತೋಟದ ರೈಟರ್ ನಾನು,
ಬರೆದದ್ದೆಲ್ಲ ನೀರು.

ಕಕ್ಕಡ ಹುಟ್ಟಿದ ವಾರ, ಪುಟದ ಎಡ ಅಂಚಿಗೆ
ಪೆನ್ಸಿಲಿನಲ್ಲಿ ಇನ್ನೊಂದು ಲೆಕ್ಕ ಸೇರಿತು:
ನೂರ ಅರವತ್ತೆರಡು, ಕೆಳಗೆ ತೊಂಬತ್ತೆಂಟು.

ನಾಪೋಕ್ಲಿನ ಡಾಕ್ಟರಮ್ಮ ರಕ್ತದ ಚೀಟಿ ನೋಡಿ
"ಬಿಸಿಲೂ ಕಮ್ಮಿ ನಿಮಗೆ" ಅಂದರು.
ನಗು ಬಂತು. ಕಿಟಕಿಯಾಚೆ
ಜೂನ್ ಏಳರಿಂದ ಸೂರ್ಯ ಗೈರುಹಾಜರು,
ರಜಾ ಅರ್ಜಿಯನ್ನೂ ಕೊಡದೆ.

ದಿನಕ್ಕೊಂದು ಬಿಳಿ ಮಾತ್ರೆ.
ಭಾನುವಾರಕ್ಕೊಂದು ಜೇನುಬಣ್ಣದ ಗುಳಿಗೆ,
ಒಳಗೆ ಅರವತ್ತು ಸಾವಿರ ಯೂನಿಟ್ಟು.
ಬೆಳಕಿಗೆ ಹಿಡಿದು ನೋಡೋಣವೆಂದರೆ ಬೆಳಕೇ ಇಲ್ಲ,
ಟಾರ್ಚಿಗೆ ಹಿಡಿದೆ.

ಬೊಳ್ಳವ್ವತ್ತಿಗೆ ಹೇಳಿದಳು, ಇದೊಂದೇ ಸಾಕಂತೆ,
ಬಿಸಿಲು ಒಳಹೊಕ್ಕರೆ ಬಿಪಿ ತಾನೇ ಇಳಿಯುತ್ತದಂತೆ.
ಮಳೆಯ ಲೆಕ್ಕದಲ್ಲಿ ಒಂದು ದಿನವೂ
'ಅಂತೆ' ಎಂದು ಬರೆಯದವನು
ಬಿಳಿ ಮಾತ್ರೆಯನ್ನು ಡ್ರಾಯರಿಗೆ ತಳ್ಳಿ ಬೀಗ ಹಾಕಿದೆ.

ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಉಂಡೆ.
ಅದಾದರೂ ಮರುದಿನ ಮೂತ್ರಕ್ಕೆ ಬಣ್ಣ ಕಟ್ಟಿ
ಬಂದಿದ್ದೇನೆ ಎಂದು ರುಜು ಹಾಕುತ್ತದೆ.
ಗುಳಿಗೆ ಏನೂ ಹೇಳಲಿಲ್ಲ.
ಅಂಚು ಹೇಳಿತು: ನೂರ ಎಪ್ಪತ್ತು. ನೂರ ಎಪ್ಪತ್ತೆಂಟು.
ಕಿವಿಯೊಳಗೆ, ಹಂಗಾಮಲ್ಲದ ಹೊತ್ತಿನಲ್ಲಿ,
ಪಲ್ಪರ್ ತಿರುಗುವ ಸದ್ದು.

ಮೆಡಿಕಲ್ಲಿನ ಹಫ್ಸತ್ ಕೌಂಟರಿನ ಮೇಲೆ ಮೊಣಕೈ ಊರಿದಳು:
"ಅಲ್ಲ ರೈಟರೇ, ಕಳೆ ತೆಗೆಯಲು ಬಂದವಳನ್ನು
ಮರಗಸಿಗೆ ಹತ್ತಿಸುತ್ತೀರಾ?
ಇದು ಮೂಳೆಗೆ ಬಂದ ಆಳು.
ಬಿಪಿಗೂ ಒಂದು ಕೈ ಹಾಕೀತೋ ಏನೋ,
ಖಂಡಿತ ಅಂತ ಯಾರೂ ಹೇಳಿಲ್ಲ.
ಆ ಬಿಳಿಯದನ್ನು ಬಿಡಬೇಡಿ."

ಬೀಗ ತೆಗೆದೆ.
ಒಣಮೀನು ಬಿಟ್ಟೆ. ಕಣಿಲೆಗೆ ಉಪ್ಪು ಅರ್ಧ,
ರುಚಿಯ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ನಿನ್ನೆ ಮಧ್ಯಾಹ್ನ ಹತ್ತು ನಿಮಿಷ ಮೋಡ ಹರಿಯಿತು.
ಮಳೆಮಾಪಕದ ಪಕ್ಕದಲ್ಲೇ ನಿಂತು
ಅಂಗಿಯ ತೋಳು ಮಡಚಿದೆ,
ಇಬ್ಬರೂ ಬಾಯಿ ತೆರೆದುಕೊಂಡು.
ಪುಸ್ತಕದಲ್ಲಿ ಬಿಸಿಲಿಗೆ ಕಾಲಂ ಇಲ್ಲ.

ಇವತ್ತು ಚಿಟ್ಟಿಯಪ್ಪ ಸಾಹುಕಾರರು ಪುಟ ತಿರುವುತ್ತ
ಅಂಚಿನ ಮೇಲೆ ಬೆರಳಿಟ್ಟರು:
"ನೂರ ಎಪ್ಪತ್ತೆಂಟೇ! ಯಾವ ವರ್ಷದ್ದು ಪೂವಯ್ಯ,
ಇಷ್ಟು ಒಳ್ಳೆ ಮಳೆ?"

ಈ ವರ್ಷದ್ದೇ, ಅಂದೆ.
ಈಗ ಇಳಿಯುತ್ತಿದೆ.