ನೀರಿಗೆ ಬಿದ್ದರೆ ಆರು

ಮೇ ತಿಂಗಳು ಹೇಮಾವತಿ ಹಿಂದೆ ಸರಿದು
ಗೊರೂರಿನ ಹಿನ್ನೀರಲ್ಲಿ ನೆಲ ಎದ್ದಿತು:
ಬಿರುಕು ಬಿಟ್ಟ ಗೋಡುಮಣ್ಣು, ಬಸವನಹುಳದ ಚಿಪ್ಪು,
ಯಾರದೋ ಕಣದ ಮೇಟಿಗುಣಿ.
ಹುಡುಗರು ಆ ಗುಣಿಯಲ್ಲೇ ವಿಕೆಟ್ ನೆಟ್ಟರು.

ಹದಿನಾರು ತಂಡ. ಟೆನಿಸ್ ಬಾಲು. ಆರಾರು ಓವರು.
ಮೊದಲ ಬಹುಮಾನ ಟಗರು, ಎರಡನೆಯದು
ಟಗರಿಗಿಂತ ಎತ್ತರದ ಕಪ್ಪು.
ಮೈಕಿನಲ್ಲಿ ಮುನೀರ, ಗುಜರಿ ಕೂಗಿ ಪಳಗಿದ ಗಂಟಲು.
ಅಂಪೈರು ಕಂಡಕ್ಟರ್ ಯೋಗಣ್ಣ. ಸೀಟಿ ಅವನದೇ.

ನನ್ನದು ಹರಿಗೋಲು.
ಮೂರು ಕಡೆ ಸುಣ್ಣದ ಗೆರೆ, ನಾಲ್ಕನೇ ಕಡೆ ಹೊಳೆ.
ನೀರಿಗೆ ಬಿದ್ದರೆ ಆರು, ಕೆಸರಿಗೆ ಬಿದ್ದರೆ ನಾಲ್ಕು,
ತಂದುಕೊಟ್ಟರೆ ನನಗೆ ಬಾಲಿಗೆ ಹತ್ತು ರೂಪಾಯಿ.
"ಜವರಕ್ಕಾ, ಬಿಡ್ಬ್ಯಾಡಾ!" ಮೈಕು ಕಿರುಚಿದಾಗೆಲ್ಲ
ಮೀನು ಇನ್ನೊಂದು ಮಾರು ದೂರ.
ಇರಲಿ, ಎರಡು ದಿನದ ಮಟ್ಟಿಗೆ ಬಾಲೇ ಮೀನು.

ಎರಡನೇ ದಿನ ನೀರಿಗೆ ಬೇರೆ ವಾಸನೆ.
ಅಂಚಿನಲ್ಲಿ ತರಗೆಲೆ, ತೆಳ್ಳನೆಯ ಕೆಂಪು.
ಮೇಲೆ ಮೂಡಿಗೆರೆ ಕಡೆ ಹೊಯ್ದಿರಬೇಕು.
ಬೆಳಿಗ್ಗೆ ದಡಕ್ಕೆ ಚುಚ್ಚಿದ್ದ ನನ್ನ ಕಡ್ಡಿ
ಪಲಾವಿನ ಹೊತ್ತಿಗೆ ನಾಲ್ಕು ಬೆರಳು ಒಳಗಿತ್ತು.
ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕಡೇ ಬಾಲು. ಐದು ಬೇಕು.
ಬ್ಯಾಟು ಹಿಡಿದವನು ನನ್ನ ತಂಗಿ ಮಗ ಲೋಹಿತ.
ಬಾಲು ಬಿಸಿಲೊಳಗೆ ಒಂದು ಗಳಿಗೆ ಕಾಣೆಯಾಗಿ
ಕಡ್ಡಿಯಿಂದ ಒಂದು ಮಾರು ಈಚೆ ಬಿತ್ತು.
ಪಚಕ್ ಅಲ್ಲ, ಗುಳುಂ ಅಲ್ಲ,
ನಡುವಿನದೊಂದು ಸದ್ದು.

"ನೀರಾ, ಕೆಸರಾ?"
ಯೋಗಣ್ಣ ಸೀಟಿ ಬಾಯಿಂದ ತೆಗೆದು ಕೇಳಿದ.
ಮೈದಾನವೇ ನನ್ನ ಕಡೆ ತಿರುಗಿತು, ಟಗರೂ.
ಅಪ್ಪನ ಕಾಲದಲ್ಲಿ ಸರಪಳಿಯವರು ಬಂದು
ಕಲ್ಲು ನೆಟ್ಟು, "ನೀರು ಇಲ್ಲೀತನಕ" ಅಂದು ಹೋದರಂತೆ.
ಅಪ್ಪನನ್ನು ಒಂದು ಮಾತು ಕೇಳಿರಲಿಲ್ಲ.
ಬಾಲು ಕೈಯಲ್ಲಿ ತೊಟ್ಟಿಕ್ಕುತ್ತಿತ್ತು.
ತೊಟ್ಟಿಕ್ಕುವುದು ಸಾಕ್ಷಿಯಲ್ಲ, ಕೆಸರೂ ತೊಟ್ಟಿಕ್ಕುತ್ತದೆ.

"ನೀರು" ಅಂದೆ.

"ಅವಳ ತಂಗಿ ಮಗ ಕಣ್ರಲೇ!"
ಕಾಳೇನಹಳ್ಳಿಯವರು ಅಷ್ಟೂ ಜನ ಇಳಿದು ಬಂದರು,
ಬೈಗುಳಕ್ಕಿಂತ ಮುಂಚೆ ಕಾಲು ಹೂತವು.
ಬೌಲರ್ ಕಂಠಿ ಸ್ಟಂಪು ಕಿತ್ತು ತಂದು
ಬಾಲು ಬಿದ್ದ ಜಾಗಕ್ಕೆ ಇಳಿಸಿ, ಎತ್ತಿ ನೋಡಿದ.
ಒದ್ದೆ ಗುರುತಿಗೆ ಹೆಬ್ಬೆಟ್ಟು ಇಟ್ಟು ಸುಮ್ಮನೆ ನಿಂತ.
ಆಮೇಲೆ ಹಿಂದೆ ನೋಡಿದ.
ತಗ್ಗಿನ ಕಡೆಯ ಗೆರೆ ಆಗಲೇ ನೆನೆದು
ಸುಣ್ಣ ಹಾಲಾಗಿ ಹರಿಯುತ್ತಿತ್ತು.

ಜಗಳಕ್ಕೆ ಪುರುಸೊತ್ತೆಲ್ಲಿ?
ಜನರೇಟರಿಗೆ ನಾಲ್ಕು ಹೆಗಲು, ಶಾಮಿಯಾನಕ್ಕೆ ಹತ್ತು.
ಟಗರನ್ನು ಕಂಠಿಯೇ ಹೊತ್ತ, ಗೆದ್ದವರ ಪರವಾಗಿ.
ವೈರು ಕಿತ್ತ ಮೇಲೂ ಮುನೀರ
ಬರಿಬಾಯಲ್ಲಿ ಕಾಮೆಂಟರಿ ಹೇಳುತ್ತಲೇ ಏರಿ ಹತ್ತಿದ.

ಗುರುವಾರ ಅಲ್ಲೇ ಬಲೆ ಬಿಟ್ಟೆ,
ಮೇಟಿಗುಣಿಯ ಅಂದಾಜು ಹಿಡಿದು.
ಬೆಳಗಿಗೆ ಏಳು ಜಿಲೇಬಿ ಮೀನು,
ಮೊದಲ ದಿನ ಸಿಗದೆ ಹೋಗಿದ್ದ ಹಸಿರು ಬಾಲೊಂದು,
ನೀರು ಕುಡಿದು ಭಾರವಾಗಿ.
ಯೋಗಣ್ಣನ ಬಸ್ಸು ಎಂಟೂವರೆಗೆ.
ಕೊಟ್ಟು ಬರಬೇಕು.
ಹತ್ತು ರೂಪಾಯಿ ಬಾಕಿ ಇದೆ.