ಕಿವಿ ಯಾರ ಪಾಲು

ಅಲ್ಮಾಟಿಯಿಂದ ಅರಾಲಿಗೆ
ಎರಡು ರಾತ್ರಿ, ನಡುವೆ ಒಂದು ಹಗಲು.
ಮಕ್ಕಳು ಎರಡು, ಚೀಲ ಐದು,
ಐದನೆಯದರ ತುಂಬ ಬರೀ ಚಡ್ಡಿ.
ಗಂಡನಿಗೆ ರಜೆ ಸಿಗಲಿಲ್ಲ.
ಅತ್ತೆ ಫೋನಿನಲ್ಲಿ ಅಂದರು:
ರಾಪೀಗಾ ಚಿಕ್ಕಮ್ಮನಿಗೆ ಎಂಬತ್ತೊಂದು,
ಮಕ್ಕಳ ಮುಖ ನೋಡಿಲ್ಲ,
ನೀನಾದರೂ ಹೋಗಿ ಬಾ.
'ನೀನಾದರೂ' ಎಂಬ ಮಾತಿನ ತೂಕ
ಸೊಸೆಯಂದಿರಿಗೆ ಗೊತ್ತು.

ಮೇಲಿನ ಬರ್ತಿನಿಂದ ನುರ್ತಾಸ್
ಗಂಟೆಗೊಮ್ಮೆ ಕೇಳುತ್ತಾನೆ: ಸಮುದ್ರ ಬಂತಾ?
ಕಿಟಕಿಯಾಚೆ ಹುಲ್ಲು. ಆಮೇಲೂ ಹುಲ್ಲು.
ಏನನ್ನೋ ಮರೆತು ಬಂದವರ ಹಾಗೆ
ನಿಂತ ಒಂದು ಒಂಟೆ.
ಮತ್ತೆ ಹುಲ್ಲು.
ಬೋಗಿಯ ಕೊನೆಯಲ್ಲಿ ಕುದಿನೀರಿನ ಹಂಡೆ;
ಎರಡು ವರ್ಷದ ತೊಮಿರಿಸ್ ಕಂಕುಳಲ್ಲಿರುವಾಗ
ನೂಡಲ್ಸಿನ ಡಬ್ಬಿಗೆ ನೀರು ಹಿಡಿಯುವುದು ಒಂದು ವಿದ್ಯೆ,
ಯಾವ ಶಾಲೆಯಲ್ಲೂ ಕಲಿಸುವುದಿಲ್ಲ.
ಎದುರು ಸೀಟಿನ ಸೈನಿಕ ಹುಡುಗ
ತನ್ನ ಟೋಪಿ ಕೊಟ್ಟು
ಒಂದೂವರೆ ತಾಸು ಅವಳ ಅಳುವನ್ನು ಕೊಂಡುಕೊಂಡ.
ಕಿಜಿಲೋರ್ದಾದಲ್ಲಿ ಇಳಿದ, ಟೋಪಿ ತಲೆಗೆ ಹಾಕದೆ.
ಅದರೊಳಗೆ ಅವಳು ಬಿಸ್ಕತ್ತು ಪುಡಿ ಮಾಡಿದ್ದಳು.

ಅರಾಲಿನಲ್ಲಿ ಇನ್ನೂ ನಸುಕು.
ಮೈದುನ ಬೆರ್ದಿಬೆಕ್ ಕಾರು ನಿಲ್ಲಿಸಿ ಬಂದರು ತೋರಿಸಿದ:
ಕ್ರೇನು ಇದೆ, ಕಟ್ಟೆ ಇದೆ,
ಕಟ್ಟೆಯ ಕೆಳಗೆ ಮರಳು, ನಾಲ್ಕು ಆಡು.
'ಸಮುದ್ರ ದೂರ ಹೋಯಿತು ಮಗೂ.
ಈಗ ಸ್ವಲ್ಪ ಸ್ವಲ್ಪ ವಾಪಸ್ಸು ಬರುತ್ತಾ ಇದೆ.'
'ರೈಲಿನಲ್ಲಾ?'
ಅವನು ಉತ್ತರಕ್ಕೆ ತಡಕಾಡಿ
ಗೇರು ಬದಲಿಸಿದ.

ಚಿಕ್ಕಮ್ಮ ಬಾಗಿಲಲ್ಲೇ ಇದ್ದರು.
ಹಿಡಿ ತುಂಬ ಮಿಠಾಯಿ ನಮ್ಮ ತಲೆಯ ಮೇಲೆ ತೂರಿದರು.
ಮುತ್ತು ಕೊಡಲೊಲ್ಲೆನೆಂದು ತೊಮಿರಿಸ್
ನನ್ನ ಸ್ಕರ್ಟಿನೊಳಗೆ ಹೊಕ್ಕಳು.
ಮಕ್ಕಳು ಏನು ಹೇಳಿದರೂ
'ಹಾಂ, ಹಾಂ, ತಿನ್ನಿ.'
ಮೀನಿನ ಡಬ್ಬಿಯ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ.
ಯಂತ್ರಗಳು ಕೊನೆಗೆ ನಿಂತದ್ದು ಕೂಡ
ಅವರಿಗೆ ತಿಳಿದದ್ದು
ಕಾಲಡಿಯ ನೆಲ ನಡುಗದೆ ಹೋದಾಗ.

ರಾತ್ರಿ ತಗ್ಗು ಮೇಜಿನ ಸುತ್ತ ಹದಿನೇಳು ಜನ.
ಬೇಯಿಸಿದ ಕುರಿಯ ತಲೆ, ಹಿರಿಯ ಸೇಯಿತ್‌ಮುರಾತರ ಮುಂದೆ.
ಯಾರಿಗೆ ಯಾವುದು ಎಂಬುದು ತಲೆತಲಾಂತರದ ಲೆಕ್ಕ.
ಚಾಕು ಒರೆಸಿದರು, ಕಿವಿ ಕೊಯ್ದರು,
ನುರ್ತಾಸನ ಕೈಗಿಟ್ಟರು:
'ಇದು ಚಿಕ್ಕವರ ಪಾಲು. ತಿಂದರೆ
ದೊಡ್ಡವರ ಮಾತು ಚೆನ್ನಾಗಿ ಕೇಳಿಸುತ್ತದೆ.'

ಹುಡುಗ ಕಿವಿಯನ್ನು ನೋಡಿದ.
ಎದ್ದ.
ಎಲ್ಲರ ಮೊಣಕಾಲು ದಾಟಿ, ನನ್ನ ಕಣ್ಸನ್ನೆ ದಾಟಿ
ಹೋಗಿ ಚಿಕ್ಕಮ್ಮನ ತಟ್ಟೆಯಲ್ಲಿ ಇಟ್ಟ.
'ನೀನು ತಿನ್ನು ಅಜ್ಜಿ. ನನಗೆ ಕೇಳಿಸುತ್ತೆ.'

ಚಹಾ ಬಗ್ಗಿಸುತ್ತಿದ್ದ ಕೈ ಅಲ್ಲೇ ನಿಂತಿತು.
ನನ್ನ ಮುಖ ಸುಟ್ಟಿತು.
ಆ ಮನೆಯಲ್ಲಿ ಆ ಮಾತು ಯಾರೂ ಆಡುವುದಿಲ್ಲ;
ಇವರು ದನಿ ಏರಿಸಿ, ಅವರು ಕೇಳಿಸಿತೆಂದು ತಲೆಯಾಡಿಸಿ
ಎಷ್ಟೋ ವರ್ಷ ಮರ್ಯಾದೆಯಿಂದ ಸಾಗಿ ಬಂದಿತ್ತು.
ಚಿಕ್ಕಮ್ಮ ಕಿವಿಯನ್ನು ಎತ್ತಿಕೊಂಡರು.
ಉಳಿದಿದ್ದ ಮೂರು ಹಲ್ಲಿನಲ್ಲಿ
ತುಂಬಾ ಹೊತ್ತು ಅಗಿದರು.
ನಾವೆಲ್ಲ ಕಾದೆವು, ಏನನ್ನು ಕಾದೆವೋ.
ನುಂಗಿ, 'ಉಪ್ಪು ಕಡಿಮೆ' ಅಂದರು.

ಮರುದಿನದಿಂದ ನುರ್ತಾಸ್
ಅವರನ್ನು ಕೂಗಿ ಕರೆಯುವುದು ಬಿಟ್ಟ.
ಹಲಗೆಯ ನೆಲಕ್ಕೆ ಹಿಮ್ಮಡಿ ಬಡಿಯುತ್ತಾನೆ,
ಅವರು ಅಡುಗೆಮನೆಯಿಂದ ತಿರುಗುತ್ತಾರೆ.
ಎರಡು ಸಲ ಅಂದರೆ ಚಹಾ,
ಮೂರು ಅಂದರೆ ಬೆಕ್ಕು ಒಳಗೆ ಬಂತು.
ನಾಲ್ಕಕ್ಕೆ ಏನೆಂದು ನನಗೆ ಹೇಳಲಿಲ್ಲ.

ಹೊರಡುವಾಗ ಚೀಲ ಎಂಟು.
ಉಳಿದ ಮಾಂಸ, ಕರಿದ ಹಿಟ್ಟಿನುಂಡೆ,
ಕಾಗದದಲ್ಲಿ ಸುತ್ತಿದ ಒಣಮೀನು.
ಉಂಡ ಮನೆಯಿಂದ ಬರಿಗೈಲಿ ಹೋಗಕೂಡದು,
ಊರಲ್ಲಿ ಉಳಿದವನಿಗೂ ಒಂದು ತುತ್ತು ತಲುಪಬೇಕು.
ತೊಮಿರಿಸಳ ಎಡಗಾಲಿನ ಕಾಲುಚೀಲ
ಎಲ್ಲಿ ಹುಡುಕಿದರೂ ಸಿಗಲಿಲ್ಲ.

ರೈಲು ಅಲುಗಿತು.
ಎಲ್ಲರೂ ಕೈ ಬೀಸಿದರು, ಚಿಕ್ಕಮ್ಮ ಬೀಸಲಿಲ್ಲ.
ಬೆರ್ದಿಬೆಕನ ತೋಳು ಹಿಡಿದು
ಪ್ಲಾಟ್‌ಫಾರಮ್ಮಿನ ಸಿಮೆಂಟಿಗೆ ಕಾಲು ಬಡಿದರು,
ಒಂದು, ಎರಡು, ಮೂರು.

'ಬೆಕ್ಕಾ?' ಎಂದು ನುರ್ತಾಸ್
ಬಗ್ಗಿ ಸೀಟಿನ ಕೆಳಗೆ ನೋಡಿದ.